ಹೊಟ್ಟೆಗೆ ಹಾಕಿಕೊಂಡದ್ದು

ಮಂಗಳವಾರ, ಶುಕ್ರವಾರ ಅಸೈನಾರನ ಬೈಕು
ಬಿರುನಾಣಿಯ ತಿರುವಿನಲ್ಲಿ ಮೂರು ಸಲ ಕೂಗುತ್ತದೆ.
ರಾತ್ರಿ ತಲಶ್ಶೇರಿ ಬಿಟ್ಟು
ಮಾಕುಟ್ಟದ ಕಾಡು ಹತ್ತಿ ಬಂದ ಮೀನು
ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಐಸಿನ ಪುಡಿಯೊಳಗೆ,
ಮುಚ್ಚಲು ರೆಪ್ಪೆಯಿಲ್ಲದ ಕಣ್ಣು ಬಿಟ್ಟುಕೊಂಡು.

ಈ ಸಲ ಇಡೀ ಅಂಜಲ್ ಕೊಂಡೆ. ಕ್ಯಾಂಪಿನಲ್ಲಿ ಹದಿನಾಲ್ಕು ಮಂದಿ,
ಹೊಳೆಯಲ್ಲಿ ರಾಫ್ಟು ಓಡಿಸಲು ಬಂದವರು.
ಕಾಚಂಪುಳಿ ಹಾಕಿದ ಸಾರೇ ಬೇಕಂತೆ.

ಹಿತ್ತಲ ಕಲ್ಲಿನ ಮೇಲೆ ಹೊಟ್ಟೆ ಸೀಳಿದೆ.
ಕರುಳು, ಪಿತ್ತ, ಅರ್ಧ ಕರಗಿದ ಒಂದು ಭೂತಾಯಿ,
ಅದರ ಪಕ್ಕ
ಕರಗದ್ದು ಒಂದು.
ಹೆಬ್ಬೆರಳ ಉಗುರಿನಷ್ಟು. ನೀಲಿ.
ಅಂಚಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಗುರುತು,
ಪ್ಯಾಕೆಟ್ಟುಗಳಿಗೆ ಇರುತ್ತದಲ್ಲ, ಹರಿಯಲು ಸುಲಭವಾಗಲೆಂದು.

‘ನಮ್ಮ ಕಡೇದಲ್ಲ ಬಿಡಿ ಅಕ್ಕ,’
ಚಾ ಲೋಟ ಕೆಳಗಿಟ್ಟು ಬಗ್ಗಿ ನೋಡಿದ ಅಸೈನಾರ್,
‘ಹೆಸರೇನೂ ಬರೆದಿಲ್ಲ.’
ನಾನು ಅದನ್ನು ತೊಳೆದೆ.
ಯಾಕೆ ತೊಳೆದೆನೋ.

ಆಮೇಲೆ ಅವನೇ ಹೇಳಿದ್ದು, ಯಾರೂ ಕೇಳದೆ:
ಹೋದ ವರ್ಷ ಅವನ ಭಾವನ ಬಲೆಗೆ ಒಂದು ಆಮೆ.
ಬಲೆಗೆ ಅಂದರೆ ಬಲೆಗೂ ಅಲ್ಲ,
ಅದು ಮೇಲೆಯೇ ತೇಲುತ್ತಿತ್ತು.
ಕೈಕಾಲು ಬಡಿದರೂ ಮುಳುಗಲಾಗದೆ,
ಬೆನ್ನು ಬಿಸಿಲಿಗೆ ಸಿಪ್ಪೆ ಎದ್ದು,
ಬೆನ್ನ ಮೇಲೊಂದು ಕಾಗೆ, ಆರಾಮಾಗಿ.
ಲೋಳೆಮೀನೆಂದು ನುಂಗಿದ ಚೀಲಗಳು
ಒಳಗೆ ದಾರಿ ಕಟ್ಟಿ ಕೂತು ಗಾಳಿ ತುಂಬಿತ್ತಂತೆ.
‘ನೀರಲ್ಲಿದ್ದೂ ನೀರಿಗೆ ಇಳಿಯೋಕಾಗಲ್ಲ ಅಂದ್ರೆ, ನೋಡಿ’
ಎಂದವನು ಬೈಕು ಒದ್ದ.

ಕಾವೇರಿಯಾದರೆ ಅಮ್ಮ.
ತೀರ್ಥ ಉಕ್ಕುವ ದಿನ ಬಿಂದಿಗೆ ಹಿಡಿದು ಸಾಲು ನಿಲ್ಲುತ್ತೇವೆ.
(ಅವಳ ದಡದಲ್ಲಿ ಏನೇನು ಬಿದ್ದಿರುತ್ತದೆ, ಆ ಮಾತು ಬೇರೆ.)
ಈ ಬರಪೊಳೆ ಯಾರ ತಾಯಿಯೂ ಅಲ್ಲ.
ಪಡುವಣಕ್ಕೆ ತಿರುಗಿ, ಬಂಡೆಗೆ ತಲೆ ಚಚ್ಚಿಕೊಂಡು,
ಗಡಿ ದಾಟಿ, ಹೆಸರು ಬದಲಿಸಿ,
ಎರಡು ಮಳೆಗಳ ನಡುವೆ ಕಡಲು ಸೇರುವಂಥದು.
ಪೂಜೆಯಿಲ್ಲ ಇದಕ್ಕೆ. ಅದಕ್ಕೇ ಇರಬೇಕು,
ಇದರೆದುರು ನನಗೆ ನಾಚಿಕೆಯೂ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ. ದೇಚು ಕೈಗೂಸು.
ಕಕ್ಕಡದ ಮಳೆಗೆ ಬಟ್ಟೆ ಒಣಗದೆ
ಗೋಣಿಕೊಪ್ಪದಿಂದ ಡೈಪರಿನ ಕಟ್ಟು ತರಿಸಿದೆ.
ಹೂತರೆ ನಾಯಿ ಕೆದರುತ್ತದೆ,
ಸುಟ್ಟರೆ ಹೊಗೆಯಷ್ಟೇ.
ಸಂಜೆ ಸೇತುವೆಗೆ ನಡೆದು
ಚೀಲದ ಬಾಯಿಗೆ ಗಂಟು ಹಾಕಿ ಬಿಟ್ಟೆ.
ಬಿದ್ದ ಸದ್ದೂ ಕೇಳಲಿಲ್ಲ, ಹೊಳೆಗೆ ಅಷ್ಟು ಅಬ್ಬರ.
ಕೈ ಹಗುರಾಯಿತು.
ಮರುದಿನವೂ ಹಗುರಾಯಿತು.
ಹೊಳೆಗೆ ಸುರಿದರೂ ಅಳೆದು ಸುರಿ, ಅನ್ನುತ್ತಿದ್ದಳು ಅವ್ವ.
ಭತ್ತವನ್ನು ಭಟ್ಟಿಯಲ್ಲಿ ಎಣಿಸಿ ಗೋಡೆಗೆ ಗೀರು ಹಾಕುವ ಮನೆ ನಮ್ಮದು.
ಇದನ್ನು ಅಳೆಯಲಿಲ್ಲ.
ಎಷ್ಟೆಂದು ಕೇಳಿದರೆ
ಎರಡು ಮಳೆಗಾಲದಷ್ಟು, ಎನ್ನಬಲ್ಲೆ.

ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ,
ಎನ್ನುತ್ತೇವಲ್ಲ, ದೊಡ್ಡವರ ಕಾಲು ಮುಟ್ಟಿ.
ನಾನು ಯಾರ ಕಾಲೂ ಮುಟ್ಟಿರಲಿಲ್ಲ.
ಕಾಲೇ ಇಲ್ಲದವರು
ಕೇಳುವ ಮೊದಲೇ ಹಾಕಿಕೊಂಡುಬಿಟ್ಟಿದ್ದಾರೆ.

ಸಾರು ಚೆನ್ನಾಗಿದೆ ಎಂದರು ಹದಿನಾಲ್ಕು ಮಂದಿ,
ಎರಡೆರಡು ಸಲ ಬಡಿಸಿಕೊಂಡರು.
ನಾನು ಉಣ್ಣಲಿಲ್ಲ ಎಂದರೆ ಸುಳ್ಳು.
ಉಂಡೆ. ತಲೆಯ ಭಾಗ ನನಗೆ ಇಷ್ಟ.

ನೀಲಿ ಚೂರು ಉಪ್ಪಿನ ಭರಣಿಯ ಕೆಳಗಿದೆ.
‘ಇದ್ಯಾಕಮ್ಮ ಇಟ್ಕೊಂಡಿದ್ದಿ, ಬಿಸಾಡು’ ಎಂದಳು ದೇಚು.
ಎಲ್ಲಿಗೆ? ಎಂದೆ.
ಅವಳು ಬಾಗಿಲಿನಾಚೆ ನೋಡಿದಳು.
ಒಂದು ಮಳೆ ಆಗಷ್ಟೇ ಬಿಟ್ಟಿತ್ತು,
ಅಂಗಳದ ನೀರೆಲ್ಲ
ಒಂದೇ ಕಡೆಗೆ ಓಡುತ್ತಿತ್ತು.