ಹದಿನೇಳನೇ ಟೋಳಿ

ಕಲಬುರಗಿ ಗಂಜಿನ ಕಮಿಟಿ ಆಫೀಸು, ಹಿಂದಿನ ಕೋಣೆ.
ಇಡೀ ಕಟ್ಟಡಕ್ಕೆ ಒಂದೇ ಏಸಿ, ಅದೂ ಯಂತ್ರಕ್ಕೆ.
ಅದರ ತಂಪಿಗೆ ಆಸೆಪಟ್ಟು ನಾವು
ಯಂತ್ರದ ಬಳಗವಾಗಿದ್ದೆವು.

ತೊಗರಿ ಸುಗ್ಗಿ. ಕಿಟಕಿಯ ಸಂದಿಯಿಂದ ನುಸುಳಿದ ಹೊಟ್ಟು
ಕೀಲಿಗಳ ನಡುವೆ ಕೂತು
ಏಳು ಒತ್ತಿದರೆ ಏಳೇಳು ಬೀಳುತ್ತಿತ್ತು.

ವಾರದ ಹಮಾಲಿ ಪಟ್ಟಿ ನನ್ನ ಪಾಲು:
ಹದಿನೇಳು ಟೋಳಿ, ಟೋಳಿಗೊಬ್ಬ ಮುಕಾದಮ,
ಹೊತ್ತ ಚೀಲಕ್ಕೊಂದು ಸಾಲು.

ಮಲ್ಕಣ್ಣ ಸರ್ ಹೇಳಿಕೊಟ್ಟದ್ದು ಇಷ್ಟು:
ಮೊದಲು ಟೋಳಿವಾರು ವಿಂಗಡಿಸು, ಕಲಸಿದ ಕಡತಕ್ಕೆ ಮೊತ್ತವಿಲ್ಲ.
ಹಿಂದಿನ ಸಾಲಿನ ನಂಬರು ನೆನಪಿಟ್ಟುಕೊ,
ಈಗಿನದನ್ನು ನೋಡು. ಅದೇ ಆದರೆ ಕೂಡಿಸು.
ಬೇರೆಯಾದರೆ ನಿಲ್ಲು.
ಹೋದವನ ಮೊತ್ತ ಅಚ್ಚು ಹಾಕು, ದೊಡ್ಡ ಮೊತ್ತಕ್ಕೆ ಸುರಿ,
ಪಾತ್ರೆ ಬೋರಲು ಹಾಕಿ
ಬಂದವನನ್ನು ಕೂರಿಸು.
‘ಬೋರಲು ಹಾಕೋದು ಮರೀಬ್ಯಾಡಮ್ಮ,
ಮೂರನೇದವ್ರು ಉಂಡ ತಾಟಿನ್ಯಾಗ
ನಾಕನೇದವ್ರಿಗಿ ನೀಡಿದಂಗ ಆಗ್ತದ.’

ಅದನ್ನು ಮರೆಯಲಿಲ್ಲ. ಬೇರೇನೋ ಮರೆತೆ.

ಮೊದಲ ಸಾಲು ಬಂದಾಗ ಹಿಂದಿನದು ಖಾಲಿ;
ಖಾಲಿಗೂ ಒಂದಕ್ಕೂ ವ್ಯತ್ಯಾಸ ಕಂಡ ಯಂತ್ರ
ಯಾರೂ ಅಲ್ಲದ ಟೋಳಿಯೊಂದಕ್ಕೆ
ಸೊನ್ನೆ ರೂಪಾಯಿ ಸೊನ್ನೆ ಪೈಸೆ ಪಾವತಿಸಿತು.
‘ಈ ಸಾಹೇಬ್ರು ಸಹಿ ಎಲ್ಲಿ ಮಾಡ್ತಾರ?’ ಅಂದರು
ಕ್ಯಾಶಿಯರ್ ಘಾಳಿಯವರು. ಚಹಾ ಚೆಲ್ಲುವಷ್ಟು ನಕ್ಕೆವು.
ತಿದ್ದಿದೆ. ಶನಿವಾರ ಪಟ್ಟಿ ಕಳಿಸಿದೆ.

ನಾಲ್ಕು ಗಂಟೆಗೆ ಕಿಟಕಿಗೆ ಬಂದ ಲಾಡ್ಲೇಸಾಬ,
ಹೆಗಲಿಗೆ ಕಬ್ಬಿಣದ ಕೊಕ್ಕೆ, ರೆಪ್ಪೆಗೆ ಹೊಟ್ಟು.
‘ಬಾಯಿ, ಹದಿನಾರು ಟೋಳೀದು ಬಂದದ.
ನಮ್ದು ಹದಿನೇಳ್ರೀ.’

ಉದ್ದ ಕಾಗದ ಬಿಚ್ಚಿದೆ.
ಹದಿನಾರರ ಕೆಳಗೆ ನೇರ ಒಟ್ಟು ಮೊತ್ತ.
ಇಪ್ಪತ್ತೆರಡು ಬೆನ್ನು, ಆರು ದಿನ, ಎಲ್ಲಿ?
ಒಟ್ಟು ಮೊತ್ತವೂ ಅಷ್ಟೇ ಕಡಿಮೆ ಇತ್ತು, ಹಾಗಾಗಿ
ತಾಳೆ ಸರಿಯಾಗಿತ್ತು.
ತಾಳೆಯಾದದ್ದನ್ನು ಯಾರು ಬಿಚ್ಚಿ ನೋಡುತ್ತಾರೆ?

ಯಂತ್ರ ಕದ್ದಿರಲಿಲ್ಲ. ಒಂದೊಂದು ಚೀಲವನ್ನೂ ಕೂಡಿಸಿತ್ತು.
ಬೇರೆ ನಂಬರು ಬರಲಿ, ಕೊಡುತ್ತೇನೆ ಎಂದು
ಮೊತ್ತವನ್ನು ಮುಷ್ಟಿಯಲ್ಲಿ ಹಿಡಿದು ಕಾದಿತ್ತು.
ಕಡತ ಮುಗಿಯಿತು.
ಹದಿನೆಂಟನೆಯವರು ಇರಲೇ ಇಲ್ಲ.

‘ನಿಮ್ಮ ಹಿಂದೆ ಇನ್ನೊಂದು ಟೋಳಿ ಇದ್ದಿದ್ದರೆ...’
ಹೇಳಹೊರಟವಳು ಅರ್ಧಕ್ಕೆ ನಾಚಿದೆ.
ಅವನು ಜೇಬಿನಿಂದ ಹುಣಸೆಬೀಜ ತೆಗೆದು
ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ.
‘ಚೀಲಕ್ಕೊಂದು ಬೀಜ. ಗಾಡಿ ಹೋತು,
ಎಣಿಸಿ ಬಾಚ್ಕೋತೀವಿ.
ಮುಂದಿನ ಗಾಡಿ ಬರ್ಲಿ ಅಂತ ಕುಂದರ್ತೀವೇನ್ರೀ?
ಕಡೀ ಗಾಡಿ ಹೋದ ಮ್ಯಾಲೂ ಬಾಚ್ಕೋಬೇಕು. ಅಷ್ಟ.’

ಆ ‘ಅಷ್ಟ’ವನ್ನು ಬರೆಯಲು ನನಗೆ ಐದು ಸಾಲು ಬೇಕಾಯಿತು:
ಕಡತ ಮುಗಿದರೆ ನಂಬರಿನ ಜಾಗಕ್ಕೆ ತೊಂಬತ್ತೊಂಬತ್ತು.
ಗಂಜಿನಲ್ಲಿ ಯಾರೂ ಕಾಣದ,
ಒಂದು ಚೀಲವನ್ನೂ ಹೊರದ ಟೋಳಿ.
ಅದರ ಕೆಲಸ ಒಂದೇ, ಬಂದು ಬಾಗಿಲಲ್ಲಿ ನಿಲ್ಲುವುದು,
ಮುಂದಿನವರ ಲೆಕ್ಕ ಚುಕ್ತಾ ಆಗಲಿ ಎಂದು.
ಬೆಳಿಗ್ಗೆ ಯಾರನ್ನು ಕಂಡು ನಕ್ಕಿದ್ದೆನೋ
ಸಂಜೆ ಅವರನ್ನೇ ಕರೆದು ಕೆಲಸಕ್ಕಿಟ್ಟೆ.

ಪ್ರಿಂಟರು ಕಿರುಗುಟ್ಟಿತು, ಹದಿನಾರು ದಾಟಿ
ಇನ್ನೊಂದು ಸಾಲು.
ಬೀಗ ಹಾಕಿದ್ದ ತಿಜೋರಿ ಮತ್ತೆ ತೆರೆಸಿದೆವು,
ಘಾಳಿಯವರು ಗೊಣಗಿದರು, ಎಣಿಸಿದರು.

ಮಲ್ಕಣ್ಣ ಸರ್ ಪಟ್ಟಿ ನೋಡಿ ಬಹಳ ಹೊತ್ತು
ಏನೂ ಅನ್ನಲಿಲ್ಲ.
ಆಮೇಲೆ ಕಪಾಟಿನಿಂದ
ಹಿಂದಿನ ವರ್ಷದ ಪಟ್ಟಿಗಳನ್ನು ಇಳಿಸತೊಡಗಿದರು,
ಒಂದೊಂದರ ಕೊನೆಯ ಹಾಳೆ ಮಾತ್ರ ತೆರೆಯುತ್ತ.

ಹೊರಗೆ ಕಂದೀಲಿನ ಬೆಳಕಲ್ಲಿ
ಇಪ್ಪತ್ತೊಂದು ಹೆಬ್ಬೆಟ್ಟು,
ಒಂದು ಉರ್ದು ಸಹಿ.