ಒಂದು ಗೇಣು ಎಡಕ್ಕೆ

ನಟ್ಟನಡುವೆ ನಿಲ್ಲಿಸಬೇಡ ಅಂದೆ.
ನಡುವೆ ನಿಂತ ಕಲ್ಲು ಪಹರೆಯವನ ಹಾಗೆ,
ಯಾರನ್ನೂ ಒಳಗೆ ಬಿಡುವುದಿಲ್ಲ, ಕಣ್ಣನ್ನೂ.
ಬೋಹುಶ್ ಕೇಳಲಿಲ್ಲ.
ತೋಳು ಮಡಚುವುದನ್ನೂ ಮರೆತು
ಮೊಣಕೈವರೆಗೆ ನೀರಿಗೆ ಕೈಯಿಳಿಸಿ
'ಗಣಿಯಲ್ಲಿ ನಡುಗಂಬ ಕೀಳಬಾರದು' ಅಂದ.
ಇದು ಗಣಿಯಲ್ಲ ಮಾರಾಯ,
ಆರನೆಯ ಮಹಡಿಯಲ್ಲಿ
ತೊಂಬತ್ತು ಸೆಂಟಿಮೀಟರಿನ ಗಾಜಿನ ತೊಟ್ಟಿ.
ಕುಸಿದರೆ ಕೆಳಗಿನ ಮನೆಯ ಸೀಲಿಂಗ್ ನೆನೆದೀತು, ಅಷ್ಟೇ.

ಇಪ್ಪತ್ತಾರು ವರ್ಷ ಓಸ್ತ್ರಾವಾದಲ್ಲಿ ಟ್ರಾಮ್ ಓಡಿಸಿದವಳು ನಾನು.
ನೇರ ಹಳಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ,
ಪ್ರಯಾಣಿಕರು ತಲೆಯೆತ್ತುವುದು ತಿರುವಿನಲ್ಲಿ.
ಅದಕ್ಕೇ ಮರಳಿನ ದಾರಿ ಎದುರಿಗೆ ಅಗಲ,
ಹೋಗುತ್ತ ಹೋಗುತ್ತ ಬೆರಳಿನಷ್ಟು ಕಿರಿದು,
ಕೊನೆಗೆ ಬೇರಿನ ಹಿಂದೆ ಮರೆ.
ಎಲ್ಲಿಗೆ ಹೋಯಿತೆಂದು ಮೀನೂ ಕೇಳಬೇಕು.
ಹಿಂದಿನ ಮಣ್ಣು ಏರು, ಮುಂದಿನದು ತಗ್ಗು.
ದೊಡ್ಡೆಲೆ ಮುಂದೆ, ಸಣ್ಣೆಲೆ ಹಿಂದೆ ನೆಟ್ಟರೆ
ಇಲ್ಲದ ದೂರ ಹುಟ್ಟುತ್ತದೆ.
ಸುಳ್ಳೇ. ಯಾರಿಗೂ ಕೇಡಿಲ್ಲದ ಸುಳ್ಳು.

ಕಲ್ಲು ಮಾತ್ರ ಅವನದು.
ಗಣಿ ಮುಚ್ಚಿದ ವಾರ ಬ್ರೆಡ್ಡಿನ ಡಬ್ಬಿಯಲ್ಲಿ ತಂದದ್ದು.
ಕರಿ ಪದರುಗಲ್ಲು, ಮೈಮೇಲೆ ಜರೀಗಿಡದ ಅಚ್ಚು:
ಮೂವತ್ತು ಕೋಟಿ ವರ್ಷದ ಹಿಂದೆ
ಯಾವುದೋ ಗಾಳಿಗೆ ಬಾಗಿದ ಎಲೆ
ಇನ್ನೂ ಬಾಗಿಯೇ ಇದೆ.

ನೀರಿಗಿಳಿಸುವ ಮುನ್ನ ಪರೀಕ್ಷೆ ಆಗಲೇಬೇಕು.
ಸೌತೆಕಾಯಿ ನೆನೆಹಾಕಿದ ಬಾಟಲಿಯಿಂದಲ್ಲ, ಹೊಸ ಬಾಟಲಿಯಿಂದ
ಒಂದು ಹನಿ ವಿನೆಗರ್, ಕಲ್ಲಿನ ಮೂಲೆಗೆ.
ನೊರೆ ಬಂದರೆ ಸುಣ್ಣ, ನೀರು ಗಡಸು, ಕಲ್ಲು ಹೊರಗೆ.
ಬೋಹುಶ್ ಉಸಿರು ಹಿಡಿದು ಬಗ್ಗಿದ್ದ,
ಎಕ್ಸ್-ರೇ ಲಕೋಟೆ ತೊಡೆಯ ಮೇಲಿಟ್ಟುಕೊಂಡು
ಡಾಕ್ಟರ ಬಾಗಿಲಲ್ಲಿ ಕೂತಿದ್ದ ದಿನದ ಹಾಗೆ.
ನೊರೆ ಬರಲಿಲ್ಲ.
ಅವನೇ ಹನಿ ಒರೆಸಿ ಬೆರಳು ನೆಕ್ಕಿದ.

ಆಮೇಲೆ ಮೂರು ದಿನ ಜಗಳ, ಬಹಳ ಸಣ್ಣ ದನಿಯಲ್ಲಿ.
ಕತ್ತರಿ ನನ್ನ ಕೈಯಲ್ಲಿ, ಚಿಮಟ ಅವನ ಕೈಯಲ್ಲಿ.
ನಾನು ನೆಟ್ಟದ್ದನ್ನು ಅವನು ಸಾಲು ಮಾಡುತ್ತಾನೆ,
ಅವನ ಸಾಲನ್ನು ನಾನು ಕೆದರುತ್ತೇನೆ.
ಬುಧವಾರ ರಾತ್ರಿ
ಇನ್ನೂ ನೀರು ಕುಡಿಯದ ಬೇರು
ಮಣ್ಣು ಕಿತ್ತುಕೊಂಡು ಮೇಲೆದ್ದು
ದೀಪದ ಪಟ್ಟಿಗೆ ಢಿಕ್ಕಿ ಹೊಡೆಯಿತು.
ತೊಟ್ಟಿಯೆಲ್ಲ ಕಾಫಿಯ ಗಸಿ.
ಬರಿಗಾಲಲ್ಲಿ ನಿಂತು ನೋಡಿದೆವು,
ಒಂಬತ್ತು ನಿಯಾನ್ ಮೀನಿನಲ್ಲಿ ಒಂದೂ ಕಾಣದೆ,
ಯಾರ ತಪ್ಪು ಎಂದು ಕೇಳುವ ಮನಸ್ಸೂ ಇಲ್ಲದೆ.
ಕಲಕಿದ ನೀರಿಗೆ ಕೈ ಹಾಕಬಾರದು.
ಅಷ್ಟು ಇಬ್ಬರಿಗೂ ಗೊತ್ತಿತ್ತು.

ಬೆಳಗ್ಗೆ ನಾನೇಳುವ ಹೊತ್ತಿಗೆ
ಬೇರು ಬಕೆಟ್ಟಿನಲ್ಲಿ ಮುಳುಗಿತ್ತು,
ಅದರ ತಲೆಯ ಮೇಲೆ ನಮ್ಮ ಹಳೇ ಇಸ್ತ್ರಿಪೆಟ್ಟಿಗೆ.
ನೀರು ಪೂರ್ತಿ ತಿಳಿಯಾಗಿರಲಿಲ್ಲ.
ಕಲ್ಲು ಒಂದು ಗೇಣು ಎಡಕ್ಕೆ ಸರಿದಿತ್ತು,
ತುಸು ವಾಲಿ, ಯಾರ ಮಾತಿಗೋ ಕಿವಿಗೊಟ್ಟ ಹಾಗೆ.
ಎಲೆಯೆಲ್ಲಿ?
ಅದನ್ನು ಪಕ್ಕದ ಗಾಜಿನ ಕಡೆ ತಿರುಗಿಸಿದ್ದ.
ಇಷ್ಟು ವರ್ಷ ಕಾದಿಟ್ಟದ್ದನ್ನು ಬಚ್ಚಿಟ್ಟೆಯಾ ಅಂದೆ.
'ನನ್ನ ಕುರ್ಚಿಯಲ್ಲಿ ಕೂತು ನೋಡು.'

ಕುರ್ಚಿ ಇನ್ನೂ ಬೆಚ್ಚಗಿತ್ತು.
ಅಲ್ಲಿಂದ ಎಡಗಾಜು ಗಾಜಲ್ಲ, ಕನ್ನಡಿ.
ಅದರೊಳಗೆ ಆ ಎಲೆ, ತಿರುವುಮುರುವಾಗಿ,
ನಾನು ನೆಟ್ಟ ಎಳೆ ಜರೀಗಿಡದ ನಡುವೆ
ತಾನೂ ಒಂದು ಗಿಡವೆಂಬ ಹಾಗೆ.

ವರ್ಷದೊಳಗೆ ಪಾಚಿ ಮುಚ್ಚುತ್ತದೆ ನೋಡು, ಅಂದೆ.
'ಮುಚ್ಚಲಿ, ಅದಕ್ಕೆ ಅಭ್ಯಾಸವಿದೆ'
ಎನ್ನುತ್ತ ಚಹಾಕ್ಕೆ ನೀರಿಡಲು ಹೋದ.

ನಾನು ಮೀನು ಎಣಿಸಿದೆ.
ಹದಿನೆಂಟು ಬಂತು.
ಮತ್ತೆ ಎಣಿಸಲಿಲ್ಲ.