ಗರಿಗಳ ಭಾನುವಾರ

ಪುಕ್ಕ ಕೀಳುವುದು ನನ್ನ ಕೆಲಸವಾಗಿತ್ತು.
ಕುದಿನೀರಿಗೆ ಅದ್ದಿ, ಮೂರೆಣಿಸಿ, ಎತ್ತಿ,
ಬಾಲದ ಕಡೆಯಿಂದ ಕತ್ತಿನ ತನಕ.
ಹತ್ತು ವರ್ಷದ ಬೆರಳಿಗೆ ಅದು
ಮಲ್ಲಿಗೆ ಕೊಯ್ದಷ್ಟೇ ಸಲೀಸು.

ಪಪ್ಪನ ಕೋವಿಗೆ ಲೈಸನ್ಸು ಇದ್ದದ್ದು ಹಂದಿಗೆಂದು.
ಕೆಮ್ಮಣ್ಣಿನ ಹೊಳೆಬದಿಗೆ ಹಂದಿ ಬಂದದ್ದನ್ನು
ನಾನಂತೂ ನೋಡಲಿಲ್ಲ.
ಬರುತ್ತಿದ್ದದ್ದು ಇವು,
ತೆನೆಹಬ್ಬ ಕಳೆದು ಸುವರ್ಣೆಯ ಕೆಂಪು ತಿಳಿಯಾಗುವ ಹೊತ್ತಿಗೆ
ಇಳಿತದ ಕೆಸರಿನ ಮೇಲೆ
ಯಾರೋ ಹಿಡಿ ಎಳ್ಳು ಎರಚಿದ ಹಾಗೆ.
ಗೊರವ, ಉಲ್ಲಂಕಿ, ಮತ್ತೆ ಏನೇನೋ ಕಂದು ಪುಟಾಣಿಗಳು.
ಹೆಸರು ನಮಗೆ ಯಾಕೆ?
ದೊಡ್ಡದು ಸುಕ್ಕಕ್ಕೆ, ಸಣ್ಣದು ಹುರಿಯಲಿಕ್ಕೆ.

ತಪಸ್ಸುಕಾಲದ ನಲವತ್ತು ದಿನ ಮಾಂಸ ಇಲ್ಲ.
ಕೋವಿ ಎಣ್ಣೆ ಉಂಡು ಅಟ್ಟದಲ್ಲಿ.
ನಮಗೆ ಗಂಜಿ, ಉಪ್ಪಿನಕಾಯಿ, ಶಿಲುಬೆಯ ಹಾದಿ.
ಅವು ಮಾತ್ರ ಎಡೆಬಿಡದೆ ತಿಂದವು,
ಹಗಲು ತಿಂದವು, ಬೆಳದಿಂಗಳಲ್ಲಿ ತಿಂದವು,
ಇಳಿತ ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೆ ಎದ್ದು ತಿಂದವು.
ಗರಿಗಳ ಭಾನುವಾರ, ತೆಂಗಿನ ಗರಿ ಹಿಡಿದು
ನಾವು ಹೊಳೆದಂಡೆಯಲ್ಲಿ ಸಾಲಾಗಿ ಹಾಡುತ್ತ ನಡೆದಾಗ
ಅವೂ ಒಮ್ಮೆ ಒಟ್ಟಿಗೆ ಎದ್ದು, ಹೊರಳಿ,
ಬಿಳಿ ತೋರಿಸಿ, ಮತ್ತೆ ಕೂತವು.
ಹೊರಡಲು ಇನ್ನೊಂದು ವಾರ ಇತ್ತು.
ಪಾಸ್ಕಕ್ಕೂ.

'ಈಗ ಕೊಬ್ಬಿದೆ, ಎಣ್ಣೆ ಬೇಡ' ಎನ್ನುವಳು ಮಾಂಯ್
ಬಾಣಲೆ ಒಲೆಗಿಟ್ಟು.
ನಿಜ. ಚರ್ಮದಡಿ ಅರಶಿನದಂಥ ಹಳದಿ ಪದರು.
ಅದು ಬುತ್ತಿ ಎಂದು ತಿಳಿಯಲು
ನನಗೆ ನಲವತ್ತು ವರ್ಷ ಹಿಡಿಯಿತು.
ಹಿಮ ಕರಗುವ ನಾಡಿನ ತನಕ
ನಡುವೆ ಎಲ್ಲೂ ಒಲೆಯಿಲ್ಲದ ದಾರಿಗೆಂದು
ಎದೆಗೆ ತೊಡೆಗೆ ಕಟ್ಟಿಕೊಂಡ ಬುತ್ತಿ.
ಆ ಬುತ್ತಿಯಲ್ಲೇ ಅವನ್ನು ಹುರಿದೆವು.

ಹೊಟ್ಟೆ ಸೀಳಿದರೆ ಉಗುರಿನಷ್ಟು ಮರುವಾಯಿ,
ನಮ್ಮ ತಿಟ್ಟಿನದೇ.
ಒಂದು ಇನ್ನೂ ಬಾಯಿ ಬಿಟ್ಟಿರಲಿಲ್ಲ.
ಅದನ್ನು ಹೊಳೆಗೆ ಹಾಕಿ ಬಂದೆ, ಯಾಕೋ.

ಹೋದ ತಿಂಗಳು ಹೂಡೆಯ ನಸೀಬಾ ಬಂದಿದ್ದಳು,
ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ಪಟ್ಟಿಪುಸ್ತಕ.
ಇಡೀ ಅಳಿವೆಯಲ್ಲಿ ನೂರಾ ಹನ್ನೊಂದು ಎಂದಳು.
'ನಿಮ್ಮ ಕಾಲದಲ್ಲಿ ಎಷ್ಟಿದ್ದವು, ಬಾಯಮ್ಮ?'
ಏನು ಹೇಳಲಿ?
ನಮ್ಮದು ಬಾಣಲೆಯ ಲೆಕ್ಕ.
ಒಂದು ತೋಟೆಗೆ ಏಳು ಬಿದ್ದರೆ ಏಳು.
ಚರೆ ಹೊತ್ತು ಕಾಂಡ್ಲದೊಳಗೆ ನುಗ್ಗಿದ್ದು,
ಕಾಲು ಜೋತು ಕಡಲಿನತ್ತ ಹೋದದ್ದು
ಯಾರ ಪಟ್ಟಿಯಲ್ಲೂ ಇಲ್ಲ.
ಬಾಯಿ ತೆರೆದು ದವಡೆಯ ಮುರುಕು ಹಲ್ಲು ತೋರಿಸಿದೆ,
ಪಾಸ್ಕದ ಊಟದಲ್ಲಿ ಚರೆ ಕಚ್ಚಿ ಚೂರಾದದ್ದು.
ಇಷ್ಟು, ಎಂದೆ.
ಅವಳು ಬರೆದುಕೊಳ್ಳಲಿಲ್ಲ.

ಪಪ್ಪ ಹೋದ ಮೇಲೆ ಕೋವಿ ತಮ್ಮ ಲಾದ್ರುವಿನದು.
ಓಟು ಬಂದರೆ ಠಾಣೆಯಲ್ಲಿ ಠೇವಣಿ, ಓಟು ಮುಗಿದರೆ ವಾಪಸು.
ಹಕ್ಕಿಗಳನ್ನು ಕೇಳಿದರೆ
ವರ್ಷಕ್ಕೊಂದು ಚುನಾವಣೆ ಬೇಕು ಎಂದಾವು.
ಈ ಸಲದ ರಸೀದಿ ಕಾಣುತ್ತಿಲ್ಲ.
ಲಾದ್ರು ಟ್ರಂಕು ಬಗೆದ, ಅಲ್ತಾರಿನ ಹಿಂದೆ ಕೈಯಾಡಿಸಿದ,
ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ
ಮೊಂಬತ್ತಿ ಹಚ್ಚಿದ.
ಕುಚ್ಚಲಕ್ಕಿ ಡಬ್ಬಿಯ ತಳದಲ್ಲಿ ಅದನ್ನು ಮಡಚಿಟ್ಟ ನಾನೂ
ಅವನ ಪಕ್ಕದಲ್ಲೇ ಮೊಣಕಾಲೂರಿ
ಅಂತೋನಿಯಲ್ಲಿ ಬೇರೆಯೇ ಬೇಡಿಕೊಂಡೆ.

ಗೊತ್ತು, ಆಚೆ ದಡದಲ್ಲಿ ರಾತ್ರಿ ನೈಲಾನು ಬಲೆ ಏಳುತ್ತದೆ.
ಅದಕ್ಕೆ ಲೈಸನ್ಸು ಬೇಡ, ಓಟಿನ ಹೆದರಿಕೆಯಿಲ್ಲ,
ಸದ್ದೂ ಇಲ್ಲ.

ಇವತ್ತು ಬೆಳಿಗ್ಗೆ ದೊಡ್ಡ ಇಳಿತ.
ಮರುವಾಯಿ ಹೆಕ್ಕಲು ಇಳಿದಿದ್ದೆ.
ಹತ್ತು ಮಾರು ಆಚೆ ಒಂದು ಗೊರವ,
ಕುಡುಗೋಲಿನಂತೆ ಬಾಗಿದ ಕೊಕ್ಕು.
ನಾನು ಬಗ್ಗಿದರೆ ಅದೂ ಬಗ್ಗಿತು,
ಸೊಂಟ ಹಿಡಿದು ಎದ್ದರೆ
ಅದೂ ತಲೆ ಎತ್ತಿ ನನ್ನನ್ನೇ ನೋಡಿತು.
ನೂರಾ ಹನ್ನೆರಡು, ಎಂದುಕೊಂಡೆ.
ಅಥವಾ ಎಣಿಸಿದ್ದರಲ್ಲೇ ಒಂದು.